ನೆಲ ನೋಡಿ ಗೂಟ ಆರಿಸಿ: ಕುಟುಂಬದ ಕ್ಯಾಂಪಿಂಗ್‌ಗೆ 15 ಯಶಸ್ಸಿನ ಸೂತ್ರಗಳು

ವಾರಾಂತ್ಯ ಬಂತೆಂದರೆ ಬೆಂಗಳೂರಿನ ಇಂದಿರಾನಗರದ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಕಾರಿನ ಡಿಕ್ಕಿಗಳು ತುಂಬತೊಡಗುತ್ತವೆ. ಟೆಂಟು, ಚಾಪೆ, ನೀರಿನ ಕ್ಯಾನು, ಮಕ್ಕಳ ಸ್ವೆಟರು, ಅಜ್ಜಿಯ ಮಡಚುವ ಕುರ್ಚಿ ಎಲ್ಲವೂ ಏರುತ್ತವೆ. ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್.ಪುರ, ಹೊಸಕೋಟೆ ದಾಟಿದರೆ ಕೋಲಾರದ ಬೆಟ್ಟಗಳು. ಊರಿನ ಇನ್ನೊಂದು ತುದಿಯಿಂದ ಹೊರಬಿದ್ದರೆ ರಾಮನಗರದ ಬಂಡೆ, ಕನಕಪುರದಾಚೆಗೆ ಕಾವೇರಿ. ಎರಡು ದಿನ ಜಾಸ್ತಿ ರಜೆ ಸಿಕ್ಕರೆ ಕೊಡಗು, ಚಿಕ್ಕಮಗಳೂರು, ಗೋಕರ್ಣ.

ಟೆಂಟು ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಎಷ್ಟು ಜನ ಮಲಗಬಹುದೆಂದು ಕೇಳುತ್ತೇವೆ, ಮಳೆ ತಡೆಯುತ್ತದೆಯೇ ಎಂದು ವಿಚಾರಿಸುತ್ತೇವೆ. ಜತೆಗೆ ಪುಟ್ಟ ಚೀಲದಲ್ಲಿ ಬರುವ ಗೂಟಗಳನ್ನು ಕೈಗೆ ತೆಗೆದುಕೊಂಡು ನೋಡುವವರು ಕಡಿಮೆ. ನಡುರಾತ್ರಿ ಗಾಳಿ ಎದ್ದಾಗ ಇಡೀ ಸಂಸಾರದ ತಲೆಯ ಮೇಲಿನ ಸೂರು ನಿಲ್ಲುವುದು ಈ ಗೂಟಗಳ ಬಲದಿಂದಲೇ. ಕರ್ನಾಟಕದಲ್ಲಿ ಒಂದು ದಿನದ ಪ್ರಯಾಣದೊಳಗೆ ಕೆಂಪು ಮಣ್ಣು, ಎರೆ ಮಣ್ಣು, ಜಂಬಿಟ್ಟಿಗೆ, ಬಂಡೆ, ಮರಳು ಎಲ್ಲವೂ ಸಿಗುತ್ತವೆ. ಎಲ್ಲ ನೆಲಕ್ಕೂ ಒಂದೇ ಗೂಟ ಸಾಲದು. ಟೆಂಟ್ ನೋಡಿ ಗೂಟ ಕೊಳ್ಳಬೇಡಿ, ಹೋಗುವ ನೆಲ ನೋಡಿ ಕೊಳ್ಳಿ. ಮುಂದಿನ ಸೂತ್ರಗಳೆಲ್ಲ ಈ ಒಂದು ಮಾತಿನ ವಿಸ್ತರಣೆ.

1. ಟೆಂಟಿನ ಜತೆ ಬಂದ ಗೂಟವನ್ನು ಬಾಗಿಸಿ ನೋಡಿ

ಸಾಮಾನ್ಯ ಟೆಂಟುಗಳ ಜತೆ ಬರುವುದು ತೆಳು ತಂತಿಯಂಥ ಗೂಟ. ದಪ್ಪ ನಾಲ್ಕು ಮಿಲಿಮೀಟರ್ ಆಸುಪಾಸು, ಉದ್ದ ಒಂದು ಗೇಣಿಗಿಂತ ಕಡಿಮೆ, ತುದಿಯಲ್ಲಿ ಕೊಕ್ಕೆ. ಅದನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ನಡುವೆ ಹೆಬ್ಬೆರಳುಗಳನ್ನಿಟ್ಟು ಒತ್ತಿ. ಬಾಗಿದರೆ ಅದು ಹುಲ್ಲುಹಾಸಿಗೆ ಮಾತ್ರ ಲಾಯಕ್ಕು. ಕೈಗೆ ಬಾಗಿದ್ದು ಕಲ್ಲಿಗೆ ತಗುಲಿದರೆ ಸುರುಳಿಯಾಗುತ್ತದೆ.

ದಪ್ಪ ಸ್ವಲ್ಪ ಹೆಚ್ಚಿದರೂ ಬಲ ಎಷ್ಟೋ ಪಟ್ಟು ಹೆಚ್ಚುತ್ತದೆ. ಅದೇ ಉಕ್ಕಿನಲ್ಲಿ 4 ಮಿ.ಮೀ. ಬದಲು 6 ಮಿ.ಮೀ. ಗೂಟ ತೆಗೆದುಕೊಂಡರೆ, ಅದನ್ನು ಬಾಗಿಸಲು ಮೂರು ಪಟ್ಟಿಗೂ ಹೆಚ್ಚು ಬಲ ಬೇಕು. ಹಾಗೆಯೇ ಕೊಕ್ಕೆಯ ಒಳಗೆ ಬೆರಳಾಡಿಸಿ. ಹರಿತವಾದ ಅಂಚು ಉಳಿದಿದ್ದರೆ ಹಗ್ಗ ರಾತ್ರಿಯಿಡೀ ಅಲ್ಲಿ ಉಜ್ಜಿ ಸವೆಯುತ್ತದೆ. ಅರದಿಂದ ನಾಲ್ಕು ಸಲ ತೀಡಿದರೆ ಸರಿಹೋಗುತ್ತದೆ.

2. ಗಾಳಿಯ ಲೆಕ್ಕ ತಿಳಿದುಕೊಳ್ಳಿ

ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ನಾಲ್ಕು ಜನ ಮಲಗುವ ಟೆಂಟಿನ ಒಂದು ಬದಿ ಸುಮಾರು 4 ಚದರ ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 20 ಕಿ.ಮೀ. ಗಾಳಿ ಅದರ ಮೇಲೆ ಹಾಕುವ ಒತ್ತಡ ಸುಮಾರು 7–8 ಕೆ.ಜಿ. ತೂಕದಷ್ಟು. ಗಾಳಿ 40 ಕಿ.ಮೀ. ಆದರೆ ಅದು 30 ಕೆ.ಜಿ. ಮುಟ್ಟುತ್ತದೆ. 60 ಕಿ.ಮೀ. ಆದರೆ 70 ಕೆ.ಜಿ. ಹತ್ತಿರ, ಅಂದರೆ ಒಬ್ಬ ದೊಡ್ಡ ಮನುಷ್ಯ ಬಟ್ಟೆಗೆ ಆತುಕೊಂಡು ತಳ್ಳಿದಷ್ಟು.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆಗೆ ಮುಂಚೆ ಬೀಸುವ ಗಾಳಿ ಯಾವ ದಿಕ್ಕಿನಿಂದ ಬರುತ್ತದೆಂದು ಹೇಳಲಾಗದು. ಮುಂಗಾರಿನಲ್ಲಿ ಹೆಚ್ಚಾಗಿ ಪಶ್ಚಿಮ, ನೈರುತ್ಯದಿಂದ. ಚಳಿಗಾಲದಲ್ಲಿ ಬೆಂಗಳೂರಿನ ಸುತ್ತಮುತ್ತ ಪೂರ್ವ, ಈಶಾನ್ಯದಿಂದ. ಟೆಂಟಿನ ಬಾಗಿಲು ಗಾಳಿಗೆ ಎದುರಾಗದಂತೆ ಹಾಕಿ. ಗಾಳಿ ಬರುವ ಕಡೆಗೇ ನಿಮ್ಮಲ್ಲಿರುವ ಅತ್ಯುತ್ತಮ ಗೂಟಗಳು ಹೋಗಲಿ, ಅವನ್ನೇ ಮೊದಲು ಹೊಡೆಯಿರಿ.

3. ಆಕಾರ, ಉದ್ದ ಎರಡೂ ತಿಳಿದು ಕೊಳ್ಳಿ

ಗೂಟ ನೆಲವನ್ನು ಹಿಡಿಯುವುದು ಮಣ್ಣಿಗೆ ತಾಗುವ ಮೈಯಿಂದ. ಮೈ ಅಗಲವಿದ್ದಷ್ಟೂ, ಆಳ ಇಳಿದಷ್ಟೂ ಹಿಡಿತ ಹೆಚ್ಚು. ಅಂಗಡಿಯಲ್ಲಿ ಸಿಗುವ ಬಗೆಗಳು ಇಷ್ಟು:

• ಮೊಳೆಯಂಥ ದುಂಡು ಉಕ್ಕಿನ ಗೂಟ: ಗಟ್ಟಿ ನೆಲಕ್ಕೆ. ಸುತ್ತಿಗೆಯ ಏಟು ತಿನ್ನುತ್ತದೆ, ಸಡಿಲ ಮಣ್ಣಿನಲ್ಲಿ ಜಾರುತ್ತದೆ.
• ವಿ ಅಥವಾ ವೈ ಆಕಾರದ ಅಲ್ಯೂಮಿನಿಯಂ ಗೂಟ: ಮೆದು ಮತ್ತು ಮಧ್ಯಮ ಮಣ್ಣಿಗೆ. ಹಗುರ, ಹಿಡಿತ ಚೆನ್ನ. ಕಲ್ಲಿನ ಮೇಲೆ ಹೊಡೆದರೆ ತಲೆ ಮುರಿಯುತ್ತದೆ.
• ಅಗಲ ಪ್ಲಾಸ್ಟಿಕ್ ಗೂಟ: ಹುಲ್ಲುಹಾಸು, ಒದ್ದೆ ಮರಳಿಗೆ. ಬಿಸಿಲಲ್ಲಿ ಹಳೆಯದಾದರೆ ಪಟ್ಟನೆ ಒಡೆಯುತ್ತದೆ.
• ತಿರುಪಿನ ಗೂಟ: ಕಲ್ಲಿಲ್ಲದ ಹದವಾದ ಮಣ್ಣಿಗೆ. ಕೈಯಲ್ಲಿ ತಿರುಗಿಸಿ ಇಳಿಸುವುದರಿಂದ ಸದ್ದಿಲ್ಲ.
• ತೂತುಗಳಿರುವ ಅಗಲ ಮರಳು ಗೂಟ: ಕಡಲ ತೀರಕ್ಕೆ ಮಾತ್ರ.

ಕುಟುಂಬದ ಟೆಂಟಿಗೆ 20ರಿಂದ 25 ಸೆಂ.ಮೀ. ಉದ್ದ ಕನಿಷ್ಠ ಎಂದಿಟ್ಟುಕೊಳ್ಳಿ. ಮರಳಿಗೆ 30 ಸೆಂ.ಮೀ. ದಾಟಬೇಕು. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರು ಗ್ರಾಂ ಲೆಕ್ಕ ಹಾಕಿ ಟೈಟೇನಿಯಂ ಕೊಳ್ಳಲಿ. ಕಾರಿನಲ್ಲಿ ಹೋಗುವ ನಮಗೆ ಆ ಗೊಡವೆ ಬೇಡ. 6 ಮಿ.ಮೀ. ದಪ್ಪದ ಉಕ್ಕಿನ ಗೂಟ ಸುಮಾರು 60 ಗ್ರಾಂ ತೂಗುತ್ತದೆ, 25 ಗೂಟ ಸೇರಿದರೂ ಒಂದೂವರೆ ಕೆ.ಜಿ. ಡಿಕ್ಕಿಯಲ್ಲಿ ಅದೊಂದು ಭಾರವೇ ಅಲ್ಲ.

4. ಕೆಂಪು ಮಣ್ಣಿಗೆ ಉಕ್ಕು ಒಯ್ಯಿರಿ

ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ಕನಕಪುರ ಎಲ್ಲ ಕಡೆ ನಮಗೆ ಸಿಗುವುದು ಕೆಂಪು ಮಣ್ಣು. ಮಳೆಗಾಲ ಮುಗಿದ ಹೊಸದರಲ್ಲಿ ಇದು ಗೂಟಕ್ಕೆ ಹೇಳಿ ಮಾಡಿಸಿದ ನೆಲ. ಫೆಬ್ರುವರಿ ದಾಟಿತೆಂದರೆ ಮೇಲ್ಪದರ ಒಣಗಿ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಅದರ ಕೆಳಗೆ ಗರಸು, ಸಣ್ಣ ಕಲ್ಲು. ತಂತಿ ಗೂಟ ಇಲ್ಲಿ ಅರ್ಧ ಇಂಚು ಇಳಿದು ಬಾಗಿ ಮಲಗುತ್ತದೆ. ಪ್ಲಾಸ್ಟಿಕ್ ಗೂಟ ಎರಡನೇ ಏಟಿಗೆ ಸೀಳುತ್ತದೆ.

ಇಲ್ಲಿಗೆ ಬೇಕಾದ್ದು ಚೂಪು ಮೂತಿಯ, ಗಟ್ಟಿ ತಲೆಯ ಉಕ್ಕಿನ ಗೂಟ. ಅಂಗಡಿಯಲ್ಲಿ ಸಿಗದಿದ್ದರೆ ಮಾಡಿಸಿಕೊಳ್ಳಿ. ಇಂದಿರಾನಗರದಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟದ ಬೀದಿ ಅಪರೂಪ. ಕಟ್ಟಡದ ಕೆಲಸದಲ್ಲಿ ಉಳಿಯುವ 8 ಅಥವಾ 10 ಮಿ.ಮೀ. ಕಂಬಿಯ ತುಂಡನ್ನು ಕೇಳಿ ತೆಗೆದುಕೊಂಡು, ವೆಲ್ಡಿಂಗ್ ಅಂಗಡಿಗೆ ಒಯ್ದು ಒಂದು ಅಡಿ ಉದ್ದಕ್ಕೆ ಕತ್ತರಿಸಿ, ತುದಿ ಚೂಪು ಮಾಡಿಸಿ, ತಲೆಗೆ ಬಳೆಯೊಂದನ್ನು ಬೆಸೆಸಿಕೊಳ್ಳಿ. ಕಂಬಿಯ ತೂಕದ ಲೆಕ್ಕ ಸುಲಭ. ಒಂದು ಅಡಿ ಉದ್ದದ 8 ಮಿ.ಮೀ. ತುಂಡು 120 ಗ್ರಾಂ, 10 ಮಿ.ಮೀ. ತುಂಡು ಸುಮಾರು 190 ಗ್ರಾಂ. ಇಂಥ ಎಂಟು ಗೂಟ ನಾಲ್ಕು ಮೂಲೆಗೂ ಮುಖ್ಯ ಹಗ್ಗಗಳಿಗೂ ಸಾಕು. ವರ್ಷಗಟ್ಟಲೆ ಬಾಳುತ್ತವೆ.

ನೆಲ ತೀರಾ ಬಿರುಸಾಗಿದ್ದರೆ ಗೂಟ ಇಳಿಸುವ ಜಾಗಕ್ಕೆ ಒಂದು ಲೋಟ ನೀರು ಹಾಕಿ ಕಾಲು ಗಂಟೆ ಬಿಡಿ. ಮೇಲ್ಪದರ ಸಡಿಲವಾಗಿ ಮೊದಲ ಮೂರು ಏಟು ಸಲೀಸಾಗುತ್ತವೆ.

5. ಮಲೆನಾಡಿನ ಮೆದು ಮಣ್ಣನ್ನು ನಂಬಿ ಕೆಡಬೇಡಿ

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ನಡುವೆ ಟೆಂಟ್ ಹಾಕಲು ಬಿಡುವ ಹೋಂಸ್ಟೇಗಳು ಹಲವಿವೆ. ಅಲ್ಲಿ ಗೂಟ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಅಷ್ಟೇ ಸಲೀಸಾಗಿ ಮೇಲೂ ಬರುತ್ತದೆ. ತರಗೆಲೆ ಕೊಳೆತ ಮೇಲಿನ ಪದರ ಹಿಡಿತ ಕೊಡುವುದಿಲ್ಲ. ಅದನ್ನು ಕಾಲಿನಿಂದ ಸರಿಸಿ, ಕೆಳಗಿನ ಗಟ್ಟಿ ಮಣ್ಣಿಗೆ ಗೂಟ ಮುಟ್ಟಬೇಕು. 25 ಸೆಂ.ಮೀ. ಉದ್ದದ ವೈ ಅಥವಾ ವಿ ಗೂಟ ಇಲ್ಲಿ ಸರಿ. ಮಳೆ ಬಂದು ನೆಲ ನೆನೆದರೆ ಹಿಡಿತ ಇನ್ನೂ ಕುಗ್ಗುತ್ತದೆ. ಆದ್ದರಿಂದ ಮಲಗುವ ಮುಂಚೆ ಒಂದು ಸುತ್ತು ಬಂದು ಪ್ರತಿ ಗೂಟವನ್ನೂ ಕಾಲಿನಿಂದ ಒತ್ತಿ ನೋಡಿ.

ಇಳಿಜಾರಿನ ಹುಲ್ಲುಗಾವಲಿನ ಕತೆ ಬೇರೆ. ನೋಡಲು ಹಸಿರು, ಕೆಳಗೆ ನಾಲ್ಕು ಬೆರಳು ಮಣ್ಣು, ಅದರ ಕೆಳಗೆ ಬಂಡೆ. ಅಲ್ಲಿ ಗೂಟ ನಿಂತಲ್ಲಿಗೇ ನಿಲ್ಲಿಸಿ, ಒಂದು ಗೇಣು ಪಕ್ಕಕ್ಕೆ ಸರಿದು ಮತ್ತೆ ಪ್ರಯತ್ನಿಸಿ. ಬಲವಂತ ಮಾಡಿದರೆ ಗೂಟವೂ ಹೋಗುತ್ತದೆ, ಕೈಯೂ ನೋಯುತ್ತದೆ. ಕರಾವಳಿಗೆ ಇಳಿಯುವ ದಾರಿಯ ಜಂಬಿಟ್ಟಿಗೆ ನೆಲಕ್ಕೆ ಮತ್ತೆ ಉಕ್ಕಿನ ಮೊಳೆ ಗೂಟವೇ ಬೇಕು.

6. ಬಂಡೆಯ ಮೇಲೆ ಗೂಟವನ್ನು ಮರೆತು ಹಗ್ಗವನ್ನು ನೆನೆಯಿರಿ

ಸಾವನದುರ್ಗ, ರಾಮನಗರ, ಕೋಲಾರದ ಅಂತರಗಂಗೆ ಎಲ್ಲವೂ ಕಲ್ಲಿನ ಸೀಮೆ. ಇಂಥ ಕಡೆ ಬೆಟ್ಟದ ಬುಡದ ತೋಟಗಳಲ್ಲೂ ಅಲ್ಲಲ್ಲಿ ಬಂಡೆ ನೆಲದಿಂದ ಇಣುಕುತ್ತದೆ. ಯಾವ ಗೂಟವೂ ಅಲ್ಲಿ ಇಳಿಯದು. ಮೂರು ಮೀಟರ್ ಉದ್ದದ ಹೆಚ್ಚುವರಿ ಹಗ್ಗದ ತುಂಡುಗಳು ನಿಮ್ಮ ಚೀಲದಲ್ಲಿರಲಿ.

ವಿಧಾನ ಹೀಗೆ. ಟೆಂಟಿನ ಹಗ್ಗದ ತುದಿಯನ್ನು ಒಂದು ಗಟ್ಟಿ ಕೋಲಿಗೋ ಉದ್ದನೆಯ ಚಿಕ್ಕ ಕಲ್ಲಿಗೋ ಬಿಗಿಯಾಗಿ ಕಟ್ಟಿ. ಅದನ್ನು ನೆಲದ ಮೇಲಿಟ್ಟು, ಅದಕ್ಕೂ ಟೆಂಟಿಗೂ ನಡುವೆ ಹಗ್ಗದ ಮೇಲೆ ದೊಡ್ಡ ಕಲ್ಲನ್ನು ಹೇರಿ. ಹಗ್ಗ ಎಳೆದಷ್ಟೂ ಚಿಕ್ಕ ಕಲ್ಲು ಹೋಗಿ ದೊಡ್ಡ ಕಲ್ಲಿನ ಬೆನ್ನಿಗೆ ಕಚ್ಚಿಕೊಳ್ಳುತ್ತದೆ. ದೊಡ್ಡ ಕಲ್ಲು ನೀವು ಎತ್ತಲು ಸ್ವಲ್ಪ ಕಷ್ಟಪಡುವಷ್ಟು ತೂಕದ್ದಾಗಿರಲಿ. ಕಲ್ಲೆತ್ತುವ ಮುಂಚೆ ಕೋಲಿನಿಂದ ಪಕ್ಕಕ್ಕೆ ಹೊರಳಿಸಿ ನೋಡಿ, ಅಡಿಯಲ್ಲಿ ಚೇಳು ಇರಬಹುದು. ಬೆಳಿಗ್ಗೆ ಹೊರಡುವಾಗ ಕಲ್ಲುಗಳನ್ನು ಇದ್ದಲ್ಲಿಗೇ ಮರಳಿಸಿ.

7. ಮರಳಿನಲ್ಲಿ ಹೂಳುವುದನ್ನು ಕಲಿಯಿರಿ

ಗೋಕರ್ಣದ ಕಡೆ ಹೊರಟವರಿಗೆ ಈ ಸೂತ್ರ. ಒಣ ಮರಳಿನಲ್ಲಿ ಸಾಮಾನ್ಯ ಗೂಟ ಒಂದು ಗಂಟೆಯೂ ನಿಲ್ಲುವುದಿಲ್ಲ. ಅಗಲ ಮರಳು ಗೂಟ ಇಲ್ಲದಿದ್ದರೂ ಚಿಂತೆಯಿಲ್ಲ, ನಾಲ್ಕು ಬಟ್ಟೆ ಚೀಲ ಸಾಕು. ಚೀಲಕ್ಕೆ ಮರಳು ತುಂಬಿ ಬಾಯಿ ಕಟ್ಟಿ, ಅದರ ಕುತ್ತಿಗೆಗೆ ಟೆಂಟಿನ ಹಗ್ಗ ಬಿಗಿದು, ಒಂದೂವರೆ ಅಡಿ ಆಳದ ಗುಂಡಿಯಲ್ಲಿ ಹೂಳಿ. ಹಗ್ಗ ಮೇಲೆ ಬರುವ ದಾರಿಗೆ ಟೆಂಟಿನ ಕಡೆ ಓರೆಯಾಗಿ ಸಣ್ಣ ಕಾಲುವೆ ತೋಡಿ, ಆಗ ಎಳೆತ ನೇರವಾಗಿ ಚೀಲಕ್ಕೆ ಮುಟ್ಟುತ್ತದೆ. ಮರಳು ಮುಚ್ಚಿ, ಮೇಲೆ ನೀರು ಹೊಯ್ದು, ಕಾಲಿನಿಂದ ತುಳಿಯಿರಿ. ಚೀಲ ಇಲ್ಲದಿದ್ದರೆ ಒಂದು ಮೊಳದ ಕಟ್ಟಿಗೆಯನ್ನು ಅಡ್ಡ ಮಲಗಿಸಿ ಹೂಳಿದರೂ ಆಯಿತು.

ಇಲ್ಲಿ ಒಂದು ಕಳಕಳಿಯ ಮಾತು. ಉತ್ತರ ಕನ್ನಡದ ಕರಾವಳಿಯಲ್ಲಿ, ಹೊನ್ನಾವರದ ಕಾಸರಕೋಡಿನಂಥ ಕಡೆ, ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆಗಳಿರುವುದು ಹೆಚ್ಚುಕಡಿಮೆ ನಮ್ಮ ಮರಳು ಗೂಟ ಇಳಿಯುವ ಆಳದಲ್ಲೇ. ಸ್ಥಳೀಯ ಮೀನುಗಾರರನ್ನೂ ಅರಣ್ಯ ಸಿಬ್ಬಂದಿಯನ್ನೂ ಕೇಳದೆ ಕಡಲ ದಂಡೆಯಲ್ಲಿ ಗುಂಡಿ ತೋಡಬೇಡಿ, ಗೂಟ ಇಳಿಸಬೇಡಿ.

ಮನೆಗೆ ಬಂದ ಕೂಡಲೇ ಗೂಟಗಳನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿಡಿ. ಉಪ್ಪು ಉಳಿದರೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ.

ಕಾವೇರಿಯ ಮರಳ ದಂಡೆಗೂ ಇದೇ ಹೂಳುವ ವಿಧಾನ ಹೊಂದುತ್ತದೆ. ಆದರೆ ನೀರಂಚಿನಲ್ಲಿ ಟೆಂಟ್ ಬೇಡ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಬಿಸಿಲಿದ್ದಾಗಲೂ ಹೊಳೆ ಏರುತ್ತದೆ.

8. ಎರೆ ಭೂಮಿಯಲ್ಲಿ ಬಿರುಕು ತಪ್ಪಿಸಿ

ಇಂದಿರಾನಗರದಲ್ಲಿ ನೆಲೆಸಿದ ಎಷ್ಟೋ ಮನೆತನಗಳ ಊರು ಧಾರವಾಡ, ಗದಗ, ವಿಜಯಪುರದ ಕಡೆ. ರಜೆಗೆ ಹೋದಾಗ ಹೊಲದಲ್ಲೇ ಮಕ್ಕಳಿಗೆ ಟೆಂಟ್ ಹಾಕಿಕೊಡುವುದು ಚೆಂದದ ಯೋಚನೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಆಳವಾಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಬಿರುಕಿನೊಳಗೆ ಗೂಟ ಇಳಿದರೆ ಅದು ಹಿಡಿದದ್ದು ಬರೀ ಗಾಳಿಯನ್ನು. ಬಿರುಕುಗಳ ನಡುವಿನ ಹೆಂಟೆಯ ಮಧ್ಯಕ್ಕೆ ಉದ್ದನೆಯ ಉಕ್ಕಿನ ಗೂಟ ಹೊಡೆಯಿರಿ. ಮಳೆ ಬಿದ್ದ ಎರೆಯಲ್ಲಿ ಟೆಂಟನ್ನೇ ಹಾಕಬೇಡಿ. ಗೂಟ ನಿಲ್ಲದು, ಕಾಲಿಗೆ ಮಣ್ಣು ಮೆತ್ತಿ ಬಿಡದು, ಕಾರೂ ಹೊರಬಾರದು.

9. ಸುತ್ತಿಗೆ ಮನೆಯಿಂದಲೇ ಒಯ್ಯಿರಿ

ಅಲ್ಲೇ ಕಲ್ಲು ಸಿಗುತ್ತದೆ ಎಂದು ಸುತ್ತಿಗೆ ಬಿಟ್ಟು ಹೋಗುವುದು ಸಾಮಾನ್ಯ ತಪ್ಪು. ಕಲ್ಲಿನಿಂದ ಹೊಡೆದರೆ ಗೂಟದ ತಲೆ ಓರೆಯಾಗುತ್ತದೆ, ಬೆರಳು ಜಜ್ಜುತ್ತದೆ, ಚಕ್ಕೆ ಹಾರಿ ಕಣ್ಣಿಗೆ ಬೀಳಬಹುದು. ಉಕ್ಕಿನ ಗೂಟಕ್ಕೆ ಅರ್ಧ ಕೆ.ಜಿ. ಕಬ್ಬಿಣದ ಸುತ್ತಿಗೆ, ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್‌ಗೆ ರಬ್ಬರ್ ಸುತ್ತಿಗೆ. ಎರಡೂ ಶಿವಾಜಿನಗರದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತವೆ.

ಹೊಡೆಯುವುದನ್ನು ಕಲಿಯಬೇಕೆಂದರೆ ಹಲಸೂರಿನ ಬೀದಿಯಲ್ಲಿ ಮದುವೆಗೋ ಉತ್ಸವಕ್ಕೋ ಶಾಮಿಯಾನ ಹಾಕುವವರ ಕೈ ನೋಡಿ. ಮೊದಲ ಒಂದೆರಡು ಏಟು ಮೆಲ್ಲಗೆ, ಗೂಟ ತನ್ನ ದಾರಿ ಹಿಡಿಯುವಷ್ಟು. ಆಮೇಲೆ ತೋಳೆತ್ತಿ ಹೊಡೆತ. ಕಿವಿಯೂ ಕೆಲಸ ಮಾಡುತ್ತಿರುತ್ತದೆ. ಸದ್ದು ಪ್ರತಿ ಏಟಿಗೂ ಬಿಗಿಯಾಗುತ್ತ ಹೋದರೆ ಮಣ್ಣು ಹಿಡಿಯುತ್ತಿದೆ. ಇದ್ದಕ್ಕಿದ್ದಂತೆ ಠಣ್ ಎಂದು ಗೂಟ ಕೈಗೆ ಒದ್ದರೆ ಕಲ್ಲು ಸಿಕ್ಕಿದೆ, ಜಾಗ ಬದಲಿಸಬೇಕು. ಕೊನೆಯವರೆಗೂ ದಬ್ ದಬ್ ಎಂದೇ ಕೇಳಿದರೆ ನೆಲ ಸಡಿಲ, ಉದ್ದ ಗೂಟ ಬೇಕು.

ಕೀಳುವಾಗ ಹಗ್ಗ ಹಿಡಿದು ಜಗ್ಗಬೇಡಿ, ಟೆಂಟಿನ ಹೊಲಿಗೆ ಕೀಳುತ್ತದೆ. ಗೂಟವನ್ನು ಎಡಬಲಕ್ಕೆ ತಿರುವಿ ಸಡಿಲಿಸಿ, ಇನ್ನೊಂದು ಗೂಟದ ಕೊಕ್ಕೆ ಸಿಕ್ಕಿಸಿ ನೇರ ಮೇಲಕ್ಕೆ ಎತ್ತಿ.

10. ಓರೆ ಹೊಡೆಯಿರಿ, ಪೂರ್ತಿ ಇಳಿಸಿ

ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಮೂತಿ ಟೆಂಟಿನ ಕಡೆಗಿರಬೇಕು. ಹಗ್ಗಕ್ಕೂ ಗೂಟಕ್ಕೂ ನಡುವೆ ಲಂಬಕೋನ ಬಂದರೆ ಮಣ್ಣಿನ ಪೂರ್ತಿ ಬಲ ಸಿಗುತ್ತದೆ. ತಲೆ ಟೆಂಟಿನ ಕಡೆ ವಾಲಿದರೆ ಹಗ್ಗ ಕಳಚಿಕೊಳ್ಳುತ್ತದೆ.

ಕೊಕ್ಕೆ ನೆಲಕ್ಕೆ ತಾಗುವವರೆಗೆ ಇಳಿಸಿ. ನಾಲ್ಕು ಬೆರಳು ಮೇಲುಳಿದರೆ ಹಗ್ಗ ಅದನ್ನು ಸನ್ನೆಗೋಲಿನಂತೆ ಅಲ್ಲಾಡಿಸಿ ಮಣ್ಣನ್ನು ಸಡಿಲಿಸುತ್ತದೆ. ಕಲ್ಲು ಅಡ್ಡ ಬಂದು ಪೂರ್ತಿ ಇಳಿಯದಿದ್ದರೆ, ಹಗ್ಗವನ್ನು ಕೊಕ್ಕೆಗೆ ಬದಲಾಗಿ ಗೂಟದ ಬುಡಕ್ಕೇ, ಮಣ್ಣಿಗೆ ತಾಗಿದಂತೆ ಕಟ್ಟಿ. ಟೆಂಟಿನ ಮೇಲೆ ಒಂದು ಮೀಟರ್ ಎತ್ತರದಲ್ಲಿ ಹೊರಟ ಹಗ್ಗಕ್ಕೆ ಗೂಟ ಒಂದರಿಂದ ಒಂದೂವರೆ ಮೀಟರ್ ದೂರವಿರಲಿ.

11. ಮುಖ್ಯ ಮೂಲೆಗೆ ಜೋಡಿ ಗೂಟ ಹಾಕಿ

ಒಂದು ಗೂಟದ ಮೇಲೆ ಸಂಶಯ ಬಂದರೆ ಅದರ ಹಿಂದೆ, ಅದೇ ಸಾಲಿನಲ್ಲಿ, ಎರಡು ಗೇಣು ದೂರಕ್ಕೆ ಇನ್ನೊಂದು ಹೊಡೆಯಿರಿ. ಮುಂದಿನ ಗೂಟದ ತಲೆಯಿಂದ ಹಿಂದಿನ ಗೂಟದ ಬುಡಕ್ಕೆ ಹಗ್ಗ ಬಿಗಿಯಿರಿ. ಮುಂದಿನದು ಏಳಲು ಹೋದರೆ ಹಿಂದಿನದು ಹಿಡಿಯುತ್ತದೆ.

ಇದು ಸೇನೆಯ ಎಂಜಿನಿಯರುಗಳ ಹಳೆಯ ವಿದ್ಯೆ. ಭಾರದ ಹಗ್ಗಗಳಿಗೆ ಅವರು ಮುಂದೆ ಮೂರು, ನಡುವೆ ಎರಡು, ಹಿಂದೆ ಒಂದು ಹೀಗೆ ಗೂಟಗಳ ಸಾಲು ಕಟ್ಟುತ್ತಾರೆ. ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳೂ ಇದನ್ನು ಕಲಿಯುತ್ತಾರೆ. ಅಂಥ ಎಂಜಿನಿಯರುಗಳದೇ ಆದ, 1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್ ದಳದ ಕೇಂದ್ರ ನಮ್ಮ ಪಕ್ಕದ ಹಲಸೂರು ಕೆರೆಯ ಬಳಿಯೇ ಇದೆ. ನಮ್ಮ ಪುಟ್ಟ ಟೆಂಟಿಗೆ ಒಂದರ ಹಿಂದೆ ಒಂದು ಸಾಕು.

12. ಎಣಿಸಿ ಒಯ್ಯಿರಿ, ಎಣಿಸಿ ತನ್ನಿ

ನಾಲ್ಕು ಜನರ ಟೆಂಟಿಗೆ ಮೂಲೆ, ಮೇಲ್ಹೊದಿಕೆ, ಹಗ್ಗ ಎಲ್ಲ ಸೇರಿ 12ರಿಂದ 16 ಗೂಟ ಬೇಕಾಗುತ್ತವೆ. ಪ್ರತಿ ನಾಲ್ಕಕ್ಕೆ ಒಂದರಂತೆ ಹೆಚ್ಚಿಗೆ ಇಟ್ಟುಕೊಳ್ಳಿ. ಕುಟುಂಬಕ್ಕೆ ನನ್ನ ಶಿಫಾರಸು ಹೀಗಿದೆ: 8 ಗಟ್ಟಿ ಉಕ್ಕಿನ ಗೂಟ, 10 ವೈ ಅಥವಾ ವಿ ಗೂಟ, 4 ಖಾಲಿ ಬಟ್ಟೆ ಚೀಲ, 6 ತುಂಡು ಹಗ್ಗ, ಕಬ್ಬಿಣದ್ದೊಂದು ರಬ್ಬರಿನದೊಂದು ಸುತ್ತಿಗೆ. ಎಲ್ಲವೂ ದಪ್ಪ ಕ್ಯಾನ್ವಾಸ್ ಚೀಲವೊಂದರಲ್ಲಿ ಇರಲಿ. ಟೆಂಟಿನ ಜತೆ ಸುತ್ತಿಡಬೇಡಿ, ಮೂತಿ ತಾಗಿ ಬಟ್ಟೆ ತೂತಾಗುತ್ತದೆ.

ಚೀಲದ ಮೇಲೆ ಒಟ್ಟು ಸಂಖ್ಯೆ ಬರೆದಿಡಿ, ಹೊರಡುವಾಗ ಮಕ್ಕಳ ಕೈಯಲ್ಲಿ ಎಣಿಸಿ. ಹೊಲದಲ್ಲಿ ಮರೆತು ಬಂದ ಒಂದು ಗೂಟ ದನದ ಗೊರಸಿಗೆ ಚುಚ್ಚಬಹುದು, ಟ್ರ್ಯಾಕ್ಟರಿನ ಟಯರು ಸೀಳಬಹುದು. ಜಾಗ ಕೊಟ್ಟ ರೈತನಿಗೆ ನಾವು ಹಾಗೆ ಮಾಡಬಾರದು.

13. ಮಕ್ಕಳ ಕಾಲು, ಹಿರಿಯರ ಕಾಲು ಕಾಯಿರಿ

ಕತ್ತಲಾದ ಮೇಲೆ ಟೆಂಟಿನ ಸುತ್ತ ಎಡವುವುದು ಹಗ್ಗ ಮತ್ತು ಗೂಟಕ್ಕೆ. ಬೆಳಕು ಬಿದ್ದರೆ ಹೊಳೆಯುವ ಹಗ್ಗ ಕೊಳ್ಳಿ. ಇಲ್ಲದಿದ್ದರೆ ಬಿಳಿ ಬಟ್ಟೆಯ ಚೂರುಗಳನ್ನು ಹಗ್ಗಕ್ಕೆ ಕಟ್ಟಿ. ಕಂಬಿಯ ಗೂಟದ ತಲೆಗೆ ಹಳೆಯ ಟೆನಿಸ್ ಚೆಂಡಿಗೆ ತೂತು ಮಾಡಿ ಸಿಕ್ಕಿಸಿ. ಬಾಗಿಲಿನ ಎದುರು ಮತ್ತು ಶೌಚಕ್ಕೆ ಹೋಗುವ ದಾರಿಯ ಕಡೆ ಹಗ್ಗ ಬರದಂತೆ ಟೆಂಟ್ ತಿರುಗಿಸಿ ಹಾಕಿ. ರಾತ್ರಿ ಬರಿಗಾಲಲ್ಲಿ ಯಾರೂ ಹೊರಗೆ ಬರಬಾರದು, ಧನುರ್ವಾಯು ಚುಚ್ಚುಮದ್ದಿನ ಅವಧಿ ಮುಗಿದಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಿ.

ಗುಡುಗು ಸಿಡಿಲು ಶುರುವಾದರೆ ಗೂಟ ಎಷ್ಟು ಗಟ್ಟಿಯಿದ್ದರೂ ಟೆಂಟು ರಕ್ಷಣೆಯಲ್ಲ. ಎಲ್ಲರೂ ಕಾರಿಗೆ ಹೋಗಿ ಗಾಜು ಏರಿಸಿ ಕುಳಿತುಕೊಳ್ಳಿ.

14. ನೆಲದ ಒಡೆಯರನ್ನು ಕೇಳಿ ಹೊಡೆಯಿರಿ

ತೋಟದ ಮಣ್ಣಿನೊಳಗೆ ಹನಿ ನೀರಾವರಿಯ ಪೈಪು, ಬೋರ್‌ವೆಲ್ ಮೋಟಾರಿನ ಕೇಬಲ್ಲು ಹಾದಿರುತ್ತವೆ. ಒಂದು ಅಡಿಯ ಉಕ್ಕಿನ ಗೂಟ ಕೇಬಲ್ಲಿಗೆ ಇಳಿದರೆ ಪ್ರಾಣಕ್ಕೇ ಅಪಾಯ. ಅಣ್ಣಾ, ಇಲ್ಲಿ ಕೆಳಗೆ ಪೈಪು, ಕರೆಂಟು ಏನಾದ್ರೂ ಹೋಗಿದೆಯಾ ಎಂದು ಕೇಳಲು ಅರ್ಧ ನಿಮಿಷ ಸಾಕು.

ಕಾಡಿನ ನೆಲಕ್ಕೆ ಕಾನೂನಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಕಾಲಿಡಲೂ ಅನುಮತಿ ಬೇಕು. ಕನಕಪುರದಾಚೆಯ ಕಾವೇರಿ ತೀರದ ಬಹುಭಾಗ 1987ರಿಂದ ಅಭಯಾರಣ್ಯ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಲ್ಲೆಲ್ಲ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಭೀಮೇಶ್ವರಿ, ಗಾಳಿಬೋರೆಯಲ್ಲಿ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನ ಶಿಬಿರಗಳಿವೆ, ನೆಮ್ಮದಿಯಿಂದ ಅಲ್ಲಿಗೆ ಹೋಗಿ.

15. ಊರಲ್ಲೇ ಒಮ್ಮೆ ತಾಲೀಮು ಮಾಡಿ

ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ. ಹೊರಡುವ ಹಿಂದಿನ ವಾರ ಟೆಂಟನ್ನು ತಾರಸಿಗೆ ಒಯ್ದು ಬಿಚ್ಚಿ. ಅಲ್ಲಿ ಗೂಟ ಇಳಿಯದು, ಹಗ್ಗಗಳನ್ನು 20 ಲೀಟರ್ ನೀರಿನ ಕ್ಯಾನುಗಳಿಗೆ ಕಟ್ಟಿ. ಯಾವ ಹಗ್ಗ ಎಲ್ಲಿಗೆ, ಎಷ್ಟು ಗೂಟ ಬೇಕು, ಯಾವುದು ಬಾಗಿದೆ ಎಲ್ಲವೂ ಗೊತ್ತಾಗುತ್ತದೆ. ಬಡಾವಣೆಯ ಪಾರ್ಕಿನಲ್ಲಿ ಗೂಟ ಹೊಡೆದು ಅಭ್ಯಾಸ ಮಾಡಬೇಡಿ, ಅದು ಎಲ್ಲರ ಸೊತ್ತು, ಮಣ್ಣಿನಡಿ ನೀರಿನ ಪೈಪುಗಳೂ ಇರುತ್ತವೆ.

ಅಭ್ಯಾಸ ಏನು ಮಾಡಬಲ್ಲದು ಎಂಬುದಕ್ಕೆ ಕರಾವಳಿಯ ಯಕ್ಷಗಾನದ ಡೇರೆ ಮೇಳಗಳೇ ಸಾಕ್ಷಿ. ಸಾಲಿಗ್ರಾಮ, ಪೆರ್ಡೂರು ಮೇಳಗಳು ನವೆಂಬರಿನಿಂದ ಮೇ ತಿಂಗಳವರೆಗಿನ ತಿರುಗಾಟದಲ್ಲಿ ಒಂದು ದಿನ ಕೊಯ್ಲಾದ ಗದ್ದೆಯಲ್ಲಿ, ಮರುದಿನ ಶಾಲೆಯ ಮೈದಾನದಲ್ಲಿ ನೂರಾರು ಜನ ಕೂರುವ ಡೇರೆ ಎತ್ತುತ್ತವೆ. ದಿನವೂ ಹೊಸ ನೆಲ. ಆ ಕೆಲಸಗಾರರ ಕೈಗೆ ಮಣ್ಣಿನ ಗುರುತಿದೆ. ನಮಗೆ ಅಷ್ಟು ಅಭ್ಯಾಸ ಬಾರದಿರಬಹುದು, ಆದರೆ ನೆಲವನ್ನು ಮುಟ್ಟಿ ನೋಡಿ ಆಮೇಲೆ ಗೂಟ ತೆಗೆಯುವ ಅವರ ಕ್ರಮವನ್ನು ಯಾರು ಬೇಕಾದರೂ ರೂಢಿಸಿಕೊಳ್ಳಬಹುದು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಸಾವಿರಾರು ರೂಪಾಯಿ ಕೊಟ್ಟು ಟೆಂಟ್ ತಂದು ಗೂಟದಲ್ಲಿ ಜಿಪುಣತನ ಮಾಡಿದರೆ, ಮೊದಲ ರಾತ್ರಿಯೇ ನಡುಗಿದ ಮಗು ಮತ್ತೆ ಟೆಂಟಿನಲ್ಲಿ ಮಲಗಲು ಒಪ್ಪುವುದಿಲ್ಲ. ಬಯಲಿನ ಗಾಳಿ, ನಕ್ಷತ್ರ, ಬೆಳಗಿನ ಹಕ್ಕಿ ದನಿ ನಮ್ಮ ಮಕ್ಕಳಿಗೆ ಸಿಗಲೇಬೇಕಾದ ಸಂಪತ್ತು. ಅದಕ್ಕೆ ಭಯದ ನೆನಪು ಅಂಟಬಾರದು. ಈ ಶನಿವಾರ ಹೊರಡುವುದಿದ್ದರೆ ಇವತ್ತೇ ಗೂಟದ ಚೀಲ ಬಿಚ್ಚಿ, ಒಂದೊಂದನ್ನೂ ಬಾಗಿಸಿ ನೋಡಿ, ಬಾಗಿದ್ದನ್ನು ಗುಜರಿಗೆ ಹಾಕಿ ಗಟ್ಟಿಯಾದದ್ದನ್ನು ತನ್ನಿ.